ಪಹಣಿಯ ದಫ್ತರದಿಂದ ಕ್ಲೌಡ್‌ವರೆಗೆ: ಡೇಟಾಬೇಸ್ ನಿರ್ವಹಣೆ ನಡೆದುಬಂದ ದಾರಿ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕೈಗಾರಿಕಾ ಪ್ರದೇಶವಿದೆ. ಇಂಥ ಪ್ರದೇಶಕ್ಕೆಂದು ಜಮೀನು ಸ್ವಾಧೀನವಾಗುವಾಗ 1966ರ ಕಾಯ್ದೆಯ ಕಲಂ 28(1) ಮತ್ತು 28(4)ರಡಿ ಹೊರಡುವ ಅಧಿಸೂಚನೆಗಳ ವಿವರ ಪಹಣಿಯ 11ನೆಯ ಕಾಲಂಗೆ, ಅಂದರೆ ಇತರೆ ಹಕ್ಕು ಮತ್ತು ಋಣಗಳ ಕಾಲಂಗೆ ಬರುತ್ತದೆ. ಮುಂದೆ ಖಾತೆ ಬದಲಾದಾಗ 9ನೆಯ ಕಾಲಂನ ಸ್ವಾಧೀನದಾರರ ಹೆಸರೇ ಬೇರೆಯಾಗುತ್ತದೆ. ಆ ಒಂದು ಸಾಲನ್ನು ತಾಲ್ಲೂಕು ಕಚೇರಿ ಬರೆಯುತ್ತದೆ, ಉಪನೋಂದಣಾಧಿಕಾರಿಗಳು ಓದುತ್ತಾರೆ, ಸಾಲ ಕೊಡುವ ಬ್ಯಾಂಕು ಪರಿಶೀಲಿಸುತ್ತದೆ, ಭೂಮಾಪನ ಇಲಾಖೆ ತನ್ನ ನಕ್ಷೆಯೊಡನೆ ತಾಳೆ ನೋಡುತ್ತದೆ. ಹೀಗೆ ಹಲವು ಕಚೇರಿಗಳು ಒಂದೇ ವೇಳೆಗೆ ನೆಚ್ಚಿಕೊಂಡಿರುವ, ಕ್ರಮಬದ್ಧವಾಗಿ ಜೋಡಿಸಿಟ್ಟ ದಾಖಲೆಗಳ ಭಂಡಾರವನ್ನು ಸಾಂಸ್ಥಿಕ ಡೇಟಾಬೇಸ್ ಎನ್ನುತ್ತಾರೆ. ಅದನ್ನು ಕಾಯುವ, ಕಾಲಕಾಲಕ್ಕೆ ಹೊಸ ಆವೃತ್ತಿಗೆ ದಾಟಿಸುವ ಕೆಲಸವೇ ಡೇಟಾಬೇಸ್ ನಿರ್ವಹಣೆ.

ಕರ್ನಾಟಕದಲ್ಲಿ ಈ ಕೆಲಸ ಕಂಪ್ಯೂಟರಿಗಿಂತ ಹಳೆಯದು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯ್ದೆಯವರೆಗೆ ಶಾನುಭೋಗರ ಕೈಯಲ್ಲಿದ್ದ ದಫ್ತರ, ಆಮೇಲೆ ಗ್ರಾಮ ಲೆಕ್ಕಿಗರ ಕೈಗೆ ಬಂತು. ಅತ್ತ 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್, ದತ್ತಾಂಶವನ್ನು ಸಾಲು ಮತ್ತು ಕಾಲಂಗಳ ಕೋಷ್ಟಕಗಳಾಗಿ ಇಟ್ಟು ಅವುಗಳ ನಡುವಣ ಸಂಬಂಧದ ಮೂಲಕ ಪ್ರಶ್ನೆಗಳಿಗೆ ಉತ್ತರ ಪಡೆಯುವ ರಿಲೇಷನಲ್ ಮಾದರಿಯನ್ನು ಮಂಡಿಸಿದ್ದರು. ಪಹಣಿಯಂತೂ ಮೊದಲಿನಿಂದಲೂ ಕೋಷ್ಟಕವೇ ಆಗಿದ್ದರಿಂದ ಎರಡೂ ಕೂಡಿಬರಲು ಯಂತ್ರ ಮತ್ತು ಇಚ್ಛಾಶಕ್ತಿಗಳಷ್ಟೇ ಬಾಕಿಯಿದ್ದವು. ಆ ಕೂಟವೇ ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳ ಕಂಪ್ಯೂಟರುಗಳನ್ನು ಸೇರಿದ್ದವು; 15 ರೂಪಾಯಿ ಕೊಟ್ಟವರಿಗೆ ಪಹಣಿ ಸಿಗುತ್ತಿತ್ತು, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಗಿತ್ತು.

ಮೊದಲ ಹಂತದಲ್ಲಿ ತಾಲ್ಲೂಕಿಗೊಂದು ಸರ್ವರ್ ಇದ್ದುದರ ಅರ್ಥವನ್ನು ನಿರ್ವಹಣೆಯ ಕಡೆಯಿಂದ ನೋಡಬೇಕು. ಸರ್ವರುಗಳು 177 ಆದರೆ ಬ್ಯಾಕಪ್ಪುಗಳೂ 177, ತಂತ್ರಾಂಶದ ತಿದ್ದುಪಡಿಯಾದ ಪ್ಯಾಚನ್ನು ಹಾಕಬೇಕಾದ ಜಾಗಗಳೂ 177. ದಾಖಲೆಗಳನ್ನು ರಾಜ್ಯ ಮಟ್ಟದ ದತ್ತಾಂಶ ಕೇಂದ್ರಕ್ಕೆ ಒಗ್ಗೂಡಿಸಿದ ಮೇಲೆ ಈ ಹೊರೆ ಇಳಿಯಿತಾದರೂ, ಅಪಾಯ ಒಂದೆಡೆ ಕೇಂದ್ರೀಕೃತವಾಯಿತು: ಹಿಂದೆ ಒಂದು ಸರ್ವರ್ ನಿಂತರೆ ಒಂದು ತಾಲ್ಲೂಕು ಕಾಯುತ್ತಿತ್ತು, ಈಗ ಕೇಂದ್ರ ನಿಂತರೆ ರಾಜ್ಯವೇ ಕಾಯಬೇಕು.

ಕನ್ನಡದ ದಾಖಲೆಗಳಿಗೆ ಮಾತ್ರ ಯಂತ್ರಕ್ಕಿಂತ ಲಿಪಿಯೇ ದೊಡ್ಡ ತೊಡಕಾಯಿತು, ಮತ್ತು ಈ ಅಧ್ಯಾಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ಇಸ್ಕಿ ಸಂಕೇತ ಮತ್ತು ಬಗೆಬಗೆಯ ಫಾಂಟುಗಳ ಸ್ವಂತ ಸಂಕೇತಗಳು ಬಹುಕಾಲ ಚಲಾವಣೆಯಲ್ಲಿದ್ದವು. ‘ಕುಡುಮಲಕುಂಟೆ’ ಎಂಬ ಹೆಸರನ್ನೇ ನೋಡಬಹುದು. ಓದುವವರಿಗೆ ಅದು 6 ಅಕ್ಷರ. ಕೊಂಬು, ಸೊನ್ನೆ, ಎತ್ವಗಳನ್ನು ಬೇರೆಬೇರೆಯಾಗಿ ಎಣಿಸುವ ಯಂತ್ರಕ್ಕೆ 11 ಸಂಕೇತ. ಇಸ್ಕಿಯಲ್ಲಿ 11 ಬೈಟುಗಳಲ್ಲಿ ಮುಗಿಯುತ್ತಿದ್ದ ಹೆಸರು, ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟು ಬೇಡುವ ಯುಟಿಎಫ್-8ರಲ್ಲಿ 33 ಬೈಟು ಹಿಡಿಯುತ್ತದೆ. ಕಾಲಂನ ಅಗಲವನ್ನು 30 ಬೈಟೆಂದು ಗೊತ್ತುಮಾಡಿದ್ದ ಹಳೆಯ ಕೋಷ್ಟಕಕ್ಕೆ ಈ ಊರು ಹಿಡಿಸುವುದೇ ಇಲ್ಲ. ಆಗ ವರ್ಗಾವಣೆ ತಪ್ಪು ತೋರಿಸಿ ನಿಂತರೆ ಅದು ಅದೃಷ್ಟ, ಬಾಲ ಕತ್ತರಿಸಿಕೊಂಡು ಸದ್ದಿಲ್ಲದೆ ಒಳಸೇರಿದರೆ ಆಪತ್ತು. ಇನ್ನೊಂದು ಸೂಕ್ಷ್ಮವಿದೆ: ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ, ಎತ್ವ ಮತ್ತು ಊಕಾರದ ಕೊಂಬುಗಳ ಜೋಡಿಯಿಂದಲೂ ಬರೆಯಬಹುದು. ಕಣ್ಣಿಗೆ ಒಂದೇ ಆದ ಎರಡು ಹೆಸರುಗಳು ಹುಡುಕಾಟದಲ್ಲಿ ಇಬ್ಬರು ರೈತರಾಗಿಬಿಡುತ್ತವೆ.

ಆಡಳಿತದ ಗಡಿಗಳೂ ಸ್ಥಿರವಲ್ಲ. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರ್ಪಟ್ಟಾಗ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ 6 ತಾಲ್ಲೂಕುಗಳ ವಿಳಾಸ ಬದಲಾಯಿತು. ಮುಂದೆ ಗೌರಿಬಿದನೂರಿನಿಂದ ಮಂಚೇನಹಳ್ಳಿ ಪ್ರತ್ಯೇಕ ತಾಲ್ಲೂಕಾಯಿತು. ಜಮೀನೊಂದನ್ನು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂಬ ಸರಪಳಿಯಿಂದ ಗುರುತಿಸುವಾಗ ಸರಪಳಿಯ ಮೇಲಿನ ಕೊಂಡಿ ಬದಲಾದರೆ ಕೆಳಗಿನದೆಲ್ಲ ಅಲುಗಾಡುತ್ತದೆ. ಬದಲಾಗದ ಒಂದು ಅಂತರಂಗದ ಸಂಖ್ಯೆಯನ್ನು ಪ್ರತಿ ಜಮೀನಿಗೂ ಕೊಟ್ಟು, ಜಿಲ್ಲೆಯ ಹೆಸರನ್ನು ಬರಿಯ ವಿವರವಾಗಿ ಇಡುವುದು ಜಾಣ ವಿನ್ಯಾಸ.

ಯಂತ್ರದ ಮಟ್ಟದ ಉನ್ನತೀಕರಣಕ್ಕೆ ಈಗ ಪಳಗಿದ ದಾರಿಗಳಿವೆ. ದತ್ತಾಂಶವನ್ನೆಲ್ಲ ಹೊರತೆಗೆದು ಹೊಸ ಆವೃತ್ತಿಗೆ ತುಂಬುವುದು ಹಳೆಯ ಕ್ರಮ. ಇದ್ದಲ್ಲೇ ತಂತ್ರಾಂಶವನ್ನು ಮೇಲೇರಿಸುವುದು ಎರಡನೆಯದು. ಹೊಸ ಸರ್ವರನ್ನು ಪಕ್ಕದಲ್ಲೇ ನಿಲ್ಲಿಸಿ, ಹಳೆಯದರಲ್ಲಿ ಆಗುವ ಪ್ರತಿ ಬದಲಾವಣೆಯೂ ಅದಕ್ಕೆ ಹರಿಯುವಂತೆ ಮಾಡಿ, ಒಂದು ಗಳಿಗೆ ನೋಡಿ ಎಲ್ಲರನ್ನೂ ಅತ್ತ ತಿರುಗಿಸುವುದು ಮೂರನೆಯದು. ಮೂರರಲ್ಲೂ ಕಠಿಣವಾದುದು ಹಿಂದಿರುಗುವ ದಾರಿ. ಉದಾಹರಣೆಗೆ, ಎಸ್‌ಕ್ಯೂಎಲ್ ಸರ್ವರ್‌ನ ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯದರಲ್ಲಿ ತೆರೆಯುವುದಿಲ್ಲ. ಮುಂದಕ್ಕೆ ಹೋಗುವಾಗಲೂ 2000ದ ಆವೃತ್ತಿಯಿಂದ ನೇರವಾಗಿ 2012ಕ್ಕೆ ನೆಗೆಯಲಾಗದೆ ನಡುವೆ 2005 ಅಥವಾ 2008ರಲ್ಲಿ ತಂಗಬೇಕಿತ್ತು. ವರ್ಷಗಟ್ಟಲೆ ಮುಂದೂಡಿದ ಉನ್ನತೀಕರಣಕ್ಕೆ ತೆರುವ ಬಡ್ಡಿಯಿದು.

ಕ್ಲೌಡ್ ಸೇವೆಗಳು ಈ ದುಡಿಮೆಯ ಒಂದು ಪಾಲನ್ನು ಹೊತ್ತುಕೊಂಡವು. ಸರ್ವರ್ ಕೊಳ್ಳದೆ, ಡೇಟಾಬೇಸನ್ನೇ ಬಾಡಿಗೆಗೆ ಪಡೆಯುವ ಅಮೆಜಾನ್ ಆರ್‌ಡಿಎಸ್ 2009ರಲ್ಲಿ ಬಂದಿತು. ಕಂಪನಿಯ ಮುಂಬೈ ಕೇಂದ್ರ 2016ರಲ್ಲಿ ತೆರೆಯಿತು. ಸರ್ಕಾರಿ ಕಚೇರಿಗಳಿಗಾಗಿ ಮೇಘರಾಜ್ ಹೆಸರಿನ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಆರಂಭವಾಯಿತು. ಬ್ಯಾಕಪ್, ಪ್ಯಾಚ್, ಒಂದು ಯಂತ್ರ ಕೆಟ್ಟರೆ ಇನ್ನೊಂದಕ್ಕೆ ಹೊರಳುವುದು, ಇವೆಲ್ಲ ಸೇವೆ ಕೊಡುವವರ ಪಾಲಿಗೆ ಹೋದವು. ಅದರ ಬದಲಿಗೆ ಉನ್ನತೀಕರಣದ ಪಂಚಾಂಗವೂ ಅವರದೇ ಆಯಿತು. ಹಳೆಯ ಆವೃತ್ತಿಗೆ ಬೆಂಬಲ ಮುಗಿದ ಮೇಲೆ ಹೆಚ್ಚುವರಿ ಶುಲ್ಕ ತೆರಬೇಕು, ಇಲ್ಲವೇ ದಾಟಬೇಕು. ಆದರೆ 33 ಬೈಟಿನ ಹೆಸರು 30 ಬೈಟಿನ ಕಾಲಂನಲ್ಲಿದೆಯೇ ಎಂಬುದನ್ನು ಯಾವ ಸೇವೆಯೂ ಗ್ರಾಹಕರ ಪರವಾಗಿ ವಿಚಾರಿಸದು. ಕಾರ್ಯಾಚರಣ ವ್ಯವಸ್ಥೆಯ ಸಣ್ಣ ಬದಲಾವಣೆಯೂ ಅಕ್ಷರಗಳಿಗೆ ತಟ್ಟಬಹುದು: 2018ರಲ್ಲಿ ಲಿನಕ್ಸಿನ ಜಿಲಿಬ್‌ಸಿ 2.28ನೆಯ ಆವೃತ್ತಿ ಅಕಾರಾದಿ ಕ್ರಮದ ನಿಯಮಗಳನ್ನು ಬದಲಿಸಿದ್ದರಿಂದ, ಪೋಸ್ಟ್‌ಗ್ರೆಸ್ ಬಳಸುವವರು ಹಲವೆಡೆ ಇಂಡೆಕ್ಸುಗಳನ್ನು, ಅಂದರೆ ಹುಡುಕಾಟದ ಸೂಚಿಗಳನ್ನು, ಹೊಸದಾಗಿ ಕಟ್ಟಬೇಕಾಯಿತು.

ಸೇವೆ ನಿಲ್ಲಿಸುವ ಹೊತ್ತನ್ನು ಆರಿಸುವುದೂ ಸ್ಥಳೀಯ ತಿಳಿವಳಿಕೆಯೇ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಇ-ಹರಾಜಿನಲ್ಲಿ ಮಾರಾಟವಾಗುತ್ತದೆ. ಚಿಟ್ಟೆ ಗೂಡು ಕೊರೆದು ಹೊರಬರುವ ಮೊದಲೇ ಮಾರಲೇಬೇಕಾದ ಸರಕಿಗೆ ‘ನಾಳೆ ಬನ್ನಿ’ ಎನ್ನಲಾಗದು. ಪಹಣಿಯ ಮುದ್ರಣ ಒಂದು ರಾತ್ರಿ ನಿಂತರೆ ಅಷ್ಟು ನಷ್ಟವಿಲ್ಲ, ಆದರೆ ಪಹಣಿಯ ತಪ್ಪಿಗೆ ಆಯುಸ್ಸು ಹೆಚ್ಚು. ಆರ್‌ಡಿಎಸ್ ತಾನಾಗಿಯೇ ಇಟ್ಟುಕೊಳ್ಳುವ ಬ್ಯಾಕಪ್ಪುಗಳಿಗೆ 35 ದಿನಗಳ ಮಿತಿಯಿದೆ. ವರ್ಗಾವಣೆಯ ವೇಳೆ ಬಾಲ ಕತ್ತರಿಸಿಕೊಂಡ ಹೆಸರು ಮಾತ್ರ, ಅಣ್ಣತಮ್ಮಂದಿರು ಪಾಲಿಗೆಂದು ತಾಲ್ಲೂಕು ಕಚೇರಿಗೆ ಬಂದ ದಿನವೇ, ಎಷ್ಟೋ ವರ್ಷಗಳ ಬಳಿಕ, ಕಣ್ಣಿಗೆ ಬೀಳುತ್ತದೆ.