ಬೀಗದ ಕೈ ಯಾರ ಹತ್ತಿರ?

ನಾನು ಮೊದಲ ಸಲ ಟೀವಿ ನೋಡಿದ್ದು 1975ರಲ್ಲಿ. ಆಗ ನನಗೆ ಹತ್ತು ವರ್ಷ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ನನ್ನ ಸೋದರಮಾವನ ಊರಿನ ಶಾಲೆಯ ಅಂಗಳದಲ್ಲಿ ನೋಡಿದೆ. ಈ ಮಾತು ಹೇಳಿದಾಗಲೆಲ್ಲ ಬೆಂಗಳೂರಿನ ನಮ್ಮ ಬೀಗಿತ್ತಿ ಮುಸಿಮುಸಿ ನಗುತ್ತಾರೆ. "ನಮ್ಮನೆಗೇ ಟೀವಿ ಬಂದಿದ್ದು ಎಂಬತ್ತೆರಡರಲ್ಲಿ ಕಣ್ರೀ. ನಿಮ್ಮ ಹಳ್ಳಿಗೆ ಎಪ್ಪತ್ತೈದರಲ್ಲೇ ಬಂದಿತ್ತಾ?" ಎನ್ನುತ್ತಾರೆ. ನನಗೆ ವಯಸ್ಸಾಗಿ ಲೆಕ್ಕ ತಪ್ಪುತ್ತಿದೆ ಎಂದು ಅವರ ಭಾವನೆ.

ಲೆಕ್ಕವೇನೂ ತಪ್ಪಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ನಮ್ಮ ಕಡೆಯ ಹಳ್ಳಿಗಳಿಗೆ ಟೀವಿ ನೇರವಾಗಿ ಆಕಾಶದಿಂದಲೇ ಇಳಿದಿತ್ತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ನಮ್ಮ ಇಸ್ರೋದವರು ಮಾಡಿದ ಪ್ರಯೋಗ ಅದು. ಸೈಟ್ ಎಂದು ಅದರ ಹೆಸರು. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಿಂದ ವಿಜಾಪುರ, ಗುಲ್ಬರ್ಗಾ, ರಾಯಚೂರು. ಹಿಂದುಳಿದ ಜಿಲ್ಲೆಗಳೆಂದೇ ಇವನ್ನು ಆರಿಸಿದ್ದು. ಹಿಂದುಳಿದವರು ಅನ್ನಿಸಿಕೊಂಡು ನಾವು ಬೆಂಗಳೂರಿಗಿಂತ ಮುಂದೆ ಹೋದದ್ದು ಅದೊಂದೇ ಸಲ ಇರಬೇಕು.

ಶಾಲೆಯ ಅಂಗಳದಲ್ಲಿ ಮೂರು ಮೀಟರ್ ಅಗಲದ ಒಂದು ದೊಡ್ಡ ಬುಟ್ಟಿಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದರು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಬುಟ್ಟಿ. "ಇದರಾಗ ಮಳಿ ಹಿಡೀತಾರೇನು?" ಎಂದು ನಮ್ಮ ಅಮ್ಮಜ್ಜಿ ಕೇಳಿದ್ದು ಇನ್ನೂ ನೆನಪಿದೆ. ಪೆಟ್ಟಿಗೆ ತಯಾರಾದದ್ದು ಹೈದರಾಬಾದಿನಲ್ಲಿ. ಕನ್ನಡದ ಕಾರ್ಯಕ್ರಮಗಳೂ ಹೈದರಾಬಾದಿನಲ್ಲಿಯೇ ತಯಾರಾಗುತ್ತಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು ಕುಣಿತ.

ಪೆಟ್ಟಿಗೆಯ ಕೋಣೆಗೆ ಬೀಗ ಇರುತ್ತಿತ್ತು. ಬೀಗದ ಕೈ ಮಾಸ್ತರರ ಜನಿವಾರದಲ್ಲಿ. ಸಂಜೆ ಅವರು ಬಂದು ಬೀಗ ತೆಗೆಯುವುದರೊಳಗೆ ಅಂಗಳ ತುಂಬಿರುತ್ತಿತ್ತು. ಮುಂದೆ ಹುಡುಗರು, ಅವರ ಹಿಂದೆ ಗಂಡಸರು. ಹೆಂಗಸರು ಗೋಡೆಗೆ ಆತು ನಿಂತಿರುತ್ತಿದ್ದರು, ಒಲೆಯ ಮೇಲೆ ಸಾರು ಇಟ್ಟು ಬಂದವರ ಹಾಗೆ. ಕೇರಿಯ ಹೆಂಗಸರು ಇನ್ನೂ ದೂರ, ಬೇವಿನ ಮರದ ಕೆಳಗೆ. ಅಲ್ಲಿಂದ ಅವರಿಗೆ ಚಿತ್ರ ಎಷ್ಟು ಕಾಣುತ್ತಿತ್ತೋ, ದೇವರೇ ಬಲ್ಲ. ಆದರೂ ಅಂಗಳ ಎಲ್ಲರದು. ಬಂದವಳನ್ನು ಯಾಕೆ ಬಂದೆ ಎಂದು ಕೇಳುವಂತಿರಲಿಲ್ಲ, ಅದು ಸರ್ಕಾರದ ಪೆಟ್ಟಿಗೆ. ಹೊಸದಾಗಿ ಮದುವೆಯಾಗಿ ಬಂದ ನಮ್ಮ ಅತ್ತಿಗೆ ಗುಡಿಗೆ ಹೋಗಬೇಕಾದರೂ ಜೊತೆಗೆ ಯಾರಾದರೂ ಬೇಕಿತ್ತು. ಟೀವಿಗೆ ಮಾತ್ರ ನನ್ನ ಕೈ ಹಿಡಿದುಕೊಂಡು ಬಂದುಬಿಡುತ್ತಿದ್ದಳು. ಬಾಣಂತಿಗೆ ಏನು ಉಣಿಸಬೇಕು ಎಂದು ಒಂದು ಸಂಜೆ ಅದರಲ್ಲಿ ಹೇಳಿದರು. ಬರೇ ಅನ್ನ ಸಾರು ಉಣಿಸುತ್ತಿದ್ದ ನಮ್ಮ ಅಮ್ಮಜ್ಜಿಗೂ ಅತ್ತಿಗೆಗೂ ಅದರ ಮೇಲೆ ಎಂಟು ದಿನ ಮಾತಿಲ್ಲ ಕತೆಯಿಲ್ಲ. ಕೊನೆಗೆ ಬಾಣಂತಿಯ ತಾಟಿಗೆ ಸೊಪ್ಪು ಬಂತು.

1976ರ ಜುಲೈ 31ಕ್ಕೆ ವರ್ಷ ತುಂಬಿತು. ನಾಸಾದವರು ತಮ್ಮ ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಬುಟ್ಟಿ ಮಾತ್ರ ಅಂಗಳದಲ್ಲಿ ಉಳಿಯಿತು. ಮರುವರ್ಷ ರಜೆಗೆ ಹೋದಾಗ ಅದರ ಮೇಲೆ ಯಾರೋ ಹಿರೇಕಾಯಿ ಬಳ್ಳಿ ಹಬ್ಬಿಸಿದ್ದರು.

ಆ ಪ್ರಯೋಗ ನಿಂತ ಮೇಲೆ ಅದರ ಬದಲಿಗೆ ನೆಲದ ಮೇಲೆಯೇ ಗೋಪುರ ನಿಲ್ಲಿಸಿ ಪ್ರಸಾರ ಮಾಡಲು ಕೆಲವು ಊರುಗಳನ್ನು ಆರಿಸಿದರು. ಅವುಗಳಲ್ಲಿ ನಮ್ಮ ಗುಲ್ಬರ್ಗಾ ಒಂದು. 1977ರಲ್ಲಿ ಅಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಕರ್ನಾಟಕದ ಮೊಟ್ಟಮೊದಲ ಟೀವಿ ಗೋಪುರ ನಿಂತದ್ದು ವಿಧಾನಸೌಧದ ಊರಿನಲ್ಲಲ್ಲ, ಗುಲ್ಬರ್ಗಾದಲ್ಲಿ. ಲಿಂಗಸುಗೂರಿನಲ್ಲಿದ್ದ ನಮ್ಮ ಮನೆಗೆ ಅದು ಮುಟ್ಟುತ್ತಿರಲಿಲ್ಲ, ಆ ಮಾತು ಬೇರೆ.

ನಾನು 1987ರಲ್ಲಿ ಮದುವೆಯಾಗಿ ಮಸ್ಕಿಗೆ ಬಂದೆ. ಅದು ರಾಮಾಯಣದ ವರ್ಷ. ಓಣಿಗೆ ಒಂದೋ ಎರಡೋ ಟೀವಿ. ಭಾನುವಾರ ಬೆಳಿಗ್ಗೆ ಅಂಥ ಮನೆಯವರು ಪಡಸಾಲೆಯಲ್ಲಿ ಚಾಪೆ ಹಾಸಿ ಬಾಗಿಲು ತೆಗೆದಿಡುತ್ತಿದ್ದರು. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾದ ಕೋಲು ತಿರುಗಿಸುತ್ತಾ "ಬಂತೇನ್ರೀ?" ಎಂದು ಕೂಗುವುದು, ಕೆಳಗಿನಿಂದ ಹತ್ತು ಜನ "ಇನ್ನೊಂಚೂರು, ಇನ್ನೊಂಚೂರು, ಹೋತು!" ಎನ್ನುವುದು. ನೀವೂ ಹೀಗೆ ಕೂಗಿದವರೇ ಇರುತ್ತೀರಿ. ಶಾಲೆಯ ಅಂಗಳದ ಟೀವಿ ಆಗಲೇ ಮನೆಯೊಳಗೆ ಬಂದಿತ್ತು, ಆದರೆ ಬಾಗಿಲು ಇನ್ನೂ ತೆರೆದಿತ್ತು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು. 1994ರಲ್ಲಿ ಉದಯ ಟೀವಿ. ಸಿಂಧನೂರಿನ ಕ್ಯಾಂಪುಗಳ ಕಡೆ ತೆಲುಗಿನ ಚಾನೆಲ್ಲುಗಳು. ಅದೇ 1994ರಲ್ಲಿ ಹರೆಯದವರಿಗೆಂದೇ ಹಾಡು, ಕುಣಿತ, ಹರಟೆಯ ಚಾನೆಲ್ ವಿ. ನನ್ನ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಮನೆಯಲ್ಲಿ ನೂರು ಚಾನೆಲ್ಲು ಇದ್ದವು, ರಿಮೋಟು ಮಾತ್ರ ಒಂದೇ. ಅದು ಮಾವನವರ ಲೋಡಿನ ಕೆಳಗೆ. ಅವರು ಸುದ್ದಿ ನೋಡಿ ಮುಗಿಸಿದ ಮೇಲೆ ನನ್ನವರು, ನನ್ನವರ ನಂತರ ಮಗ. ಹರೆಯದವರ ಚಾನೆಲ್ಲು ಹಚ್ಚಿದರೆ ಮಗನಿಗೆ "ಸಣ್ಣಗ ಇಡೋ" ಎನ್ನುವರು. ಮಗಳು ಅದನ್ನೇ ಹಚ್ಚಿದರೆ "ತೆಗಿ ಅದನ್ನ" ಎನ್ನುವರು. ಚಾನೆಲ್ಲು ಒಂದೇ, ಹರೆಯ ಎರಡು. ಮಗಳು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಧ್ವನಿ ತೆಗೆದು, ಬರೀ ಚಿತ್ರ ನೋಡುತ್ತಿದ್ದಳು. ನಾನು ಕಂಡೂ ಕಾಣದ ಹಾಗೆ ಅಕ್ಕಿ ಆರಿಸುತ್ತಿದ್ದೆ.

ನನ್ನ ಮಗ 2016ರಲ್ಲಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದ. ಅಲ್ಲಿಯ ಬಿಬಿಸಿಯವರು 2003ರಿಂದ ಬಿಬಿಸಿ ತ್ರೀ ಎಂಬ ಚಾನೆಲ್ಲು ನಡೆಸುತ್ತಿದ್ದರು, 16ರಿಂದ 34 ವಯಸ್ಸಿನವರಿಗೆ ಎಂದು. 2016ರ ಫೆಬ್ರವರಿಯಲ್ಲಿ ಅದರ ಪ್ರಸಾರ ನಿಲ್ಲಿಸಿ ಇಂಟರ್‌ನೆಟ್ಟಿಗೆ ಮಾತ್ರ ಸೀಮಿತ ಮಾಡಿದರು. ಖರ್ಚು ಉಳಿಸಬೇಕು, ಹುಡುಗರೆಲ್ಲ ಅಲ್ಲಿಯೇ ಇದ್ದಾರೆ ಎಂಬುದು ಅವರ ವಾದ. ಬೇಡ ಎಂದು ಲಕ್ಷಗಟ್ಟಲೆ ಜನ ಸಹಿ ಹಾಕಿದರೂ ಕೇಳಲಿಲ್ಲ. ಮಗ ಫೋನಿನಲ್ಲಿ ಇದನ್ನು ಹೇಳಿ, "ಅವ್ವಾ, ಈಗಿನ ಹುಡುಗ್ರು ಯಾರು ಟೀವಿ ಮುಂದ ಕುಂದರ್ತಾರ?" ಎಂದ. ಹೌದಲ್ಲ ಅನ್ನಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಜಿಯೋ ಬಂತು, ಮಸ್ಕಿಯ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತ ಹುಡುಗರೆಲ್ಲ ತಲೆ ತಗ್ಗಿಸಿದರು. 2018ರಲ್ಲಿ ಚಾನೆಲ್ ವಿ ನಿಂತುಹೋಯಿತು. ನನ್ನ ಮಗಳಿಗೆ ಅದು ನಿಂತದ್ದೂ ಗೊತ್ತಾಗಲಿಲ್ಲ. ಅವಳಿಗೆ ಆಗಲೇ ಮದುವೆಯಾಗಿ, ಕೈಯಲ್ಲಿ ಅವಳದೇ ಫೋನಿತ್ತು. ಸುಳ್ಳೇಕೆ ಹೇಳಲಿ, ಆ ಫೋನು ನೋಡಿ ನನಗೆ ಸಂತೋಷವೇ ಆಗಿತ್ತು. ಧ್ವನಿ ತೆಗೆದು ನೋಡಬೇಕಾಗಿದ್ದ ಹುಡುಗಿ ಈಗ ಕಿವಿಗೆ ಹಚ್ಚಿಕೊಂಡು ಬೇಕಾದ್ದು ಕೇಳುತ್ತಾಳಲ್ಲ ಎಂದು.

ಗುಲ್ಬರ್ಗಾ ಅಷ್ಟರಲ್ಲಿ ಕಲಬುರಗಿ ಆಗಿತ್ತು. ದೇಶದ ಹಳೆಯ ಪ್ರಸಾರ ಗೋಪುರಗಳನ್ನೆಲ್ಲ ನಿಲ್ಲಿಸುತ್ತಾ ಬಂದ ಪ್ರಸಾರ ಭಾರತಿಯವರು 2021ರ ಅಕ್ಟೋಬರಿನಲ್ಲಿ ಕಲಬುರಗಿಯದರ ಸರದಿ ಎಂದರು. ಜನ ಗಾಬರಿಯಾದರು. ಕಾರ್ಯಕ್ರಮ ತಯಾರಿ ನಿಲ್ಲುವುದಿಲ್ಲ, ಅವು ಚಂದನದಲ್ಲಿ ಬರುತ್ತವೆ, ಯೂಟ್ಯೂಬಿನಲ್ಲಿ ಇರುತ್ತವೆ, ಚಂದನವನ್ನು ಫ್ರೀ ಡಿಶ್‌ನಲ್ಲಿ ಪುಕ್ಕಟೆ ನೋಡಬಹುದು ಎಂದು ಪ್ರಸಾರ ಭಾರತಿಯವರು ಸಮಜಾಯಿಷಿ ಕೊಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೋಲು ತಿರುಗಿಸಿ ಚಿತ್ರ ಹಿಡಿಯುವ ಮನೆ ಈಗ ಎಲ್ಲಿದೆ? ಆದರೂ ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನನಗೆ ಶಾಲೆಯ ಅಂಗಳದ ಬುಟ್ಟಿ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಒಂದು ವರ್ಷದ ಹಿಂದೆ ನಮ್ಮ ಮನೆಗೆ ಬರುತ್ತಿದ್ದ ಹುಡುಗಿ ನೆನಪಾದಳು.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದ್ದು ನಿಮಗೆ ಗೊತ್ತು. ನಮ್ಮ ಮನೆಯ ಹಿಂದಿನ ಓಣಿಯ ಹುಡುಗಿ ಆಗ ಒಂಬತ್ತನೆಯ ತರಗತಿ. ಅಪ್ಪ ಗೌಂಡಿ ಕೆಲಸ, ಅವ್ವ ಭತ್ತದ ನಾಟಿಗೆ ಸಿಂಧನೂರು ಕಡೆ ಹೋಗುವಾಕೆ. ಮನೆಯಲ್ಲಿ ಒಂದೇ ದೊಡ್ಡ ಫೋನು, ಅದು ಅಣ್ಣನದು. ಪಾಠ ಬರುವ ಹೊತ್ತಿಗೆ ಅಣ್ಣ ಹೊರಗೆ. ಅವನು ಮನೆಯಲ್ಲಿದ್ದರೆ ಡೇಟಾ ಖಾಲಿ. ಆ ವರ್ಷ ಚಂದನದಲ್ಲಿ ಪಾಠ ಹಾಕುತ್ತಿದ್ದರು. ನಾನು ಮಾಸ್ತರಿಕೆ ಮಾಡಿದವಳು, ಅವಳನ್ನು ಕರೆದು ಪಡಸಾಲೆಯಲ್ಲಿ ಕೂಡಿಸಿದೆ. ಮರುದಿನ ಮೂವರು ಬಂದರು, ವಾರದೊಳಗೆ ಏಳು ಜನ, ಎಲ್ಲರೂ ಹುಡುಗಿಯರು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೂರ ದೂರ ಚಾಪೆ ಹಾಸಿ ಕುಳಿತರು. ಬಾಗಿಲು ತೆರೆದಿಟ್ಟೆ. ಪಾಠ ಎಷ್ಟು ತಲೆಗೆ ಹೋಯಿತೋ ಹೇಳಲಾರೆ, ಅದು ಓಡುವ ಪಾಠ, ನಿಲ್ಲಿಸಿ ಕೇಳುವಂತಿಲ್ಲ. ನಿಂತ ಮೇಲೆ ನಾನು ಇನ್ನೊಮ್ಮೆ ಹೇಳುತ್ತಿದ್ದೆ. ಆದರೆ ದಿನಾ ಅಷ್ಟು ಹೊತ್ತಿಗೆ ಅವರು ಮನೆಯಿಂದ ಹೊರಗೆ ಬರುತ್ತಿದ್ದರಲ್ಲ, ಅವರು ಇನ್ನೂ ಓದುತ್ತಿರುವ ಹುಡುಗಿಯರು ಎಂಬುದು ಓಣಿಗೆ ಕಾಣುತ್ತಿತ್ತಲ್ಲ, ಅದು ಸಣ್ಣ ಮಾತಲ್ಲ. ಶಾಲೆ ಮುಚ್ಚಿದ ಆ ಕಾಲದಲ್ಲಿ ನಮ್ಮ ಕಡೆ ಎಷ್ಟು ಹುಡುಗಿಯರಿಗೆ ಗುಟ್ಟಾಗಿ ಅಕ್ಕಿಕಾಳು ಬಿತ್ತು ಎಂಬುದನ್ನು ನಾವೆಲ್ಲ ಬಲ್ಲೆವು.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು, ನೀವು ಎಂದಾದರೂ ಇಂಟರ್‌ನೆಟ್ ಬಳಸಿದ್ದೀರಾ ಎಂದು. ಹೌದು ಎಂದ ಗಂಡಸರು ನೂರಕ್ಕೆ 57, ಹೆಂಗಸರು 33. "ಹುಡುಗರೆಲ್ಲ ಅಲ್ಲಿಯೇ ಇದ್ದಾರೆ" ಎನ್ನುವಾಗ ಯಾವ ಹುಡುಗರು ಎಂದು ಕೇಳಬೇಕಾಗುತ್ತದೆ.

ಇಂಗ್ಲೆಂಡಿನವರೂ ಕೊನೆಗೆ ಅದನ್ನೇ ಕೇಳಿಕೊಂಡರು. ಬಿಬಿಸಿ ತ್ರೀ 2022ರ ಫೆಬ್ರವರಿ 1ರಂದು ಮತ್ತೆ ಟೀವಿಗೆ ಬಂತು. ಲಂಡನ್ನಿನಿಂದ ದೂರ ಇರುವ, ಕೈಯಲ್ಲಿ ಹೆಚ್ಚು ಕಾಸಿಲ್ಲದ ಮನೆಗಳ ಹುಡುಗ ಹುಡುಗಿಯರು ಇನ್ನೂ ಟೀವಿಯನ್ನೇ ನೋಡುತ್ತಾರೆ, ಅವರು ತಪ್ಪಿಹೋಗಿದ್ದಾರೆ ಎಂದು ಅವರಿಗೆ ಅನ್ನಿಸಿತ್ತು. ಆರು ವರ್ಷ ಹಿಡಿಯಿತು, ಆದರೂ ತಿರುಗಿ ಬಂದರು. ಅಂಥ ದೇಶದಲ್ಲೇ ಹೀಗಾದರೆ ನಮ್ಮ ಮಸ್ಕಿಯ ಹಿಂದಿನ ಓಣಿಯ ಮಾತೇನು?

ಮಸ್ಕಿ ಎಂದರೆ ನಿಮಗೆಲ್ಲ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿಯೇ ಅಶೋಕ ಎಂಬ ಹೆಸರು ಮೊದಲ ಸಲ ಸ್ಪಷ್ಟವಾಗಿ ಓದಲು ಸಿಕ್ಕಿದ್ದು. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ದೊಡ್ಡವರಿಗೆ ಮಾತ್ರ ಇದು ಸಾಧ್ಯ ಎಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ತಾತ್ಪರ್ಯ. ಓದಲು ಬಾರದವರಿಗೆ ಯಾರೋ ಓದಿ ಹೇಳಿರಬೇಕು. ಏನೇ ಆಗಲಿ, ಬಯಲಿನ ಬಂಡೆಯ ಮೇಲೆ ಬರೆಸಿದ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ.

ಆ ಹುಡುಗಿ ಹತ್ತನೆಯ ತರಗತಿ ಪಾಸಾದಳು. ಈಗ ಸಿಂಧನೂರಿಗೆ ಬಸ್ಸಿನಲ್ಲಿ ಡಿಗ್ರಿ ಕಾಲೇಜಿಗೆ ಹೋಗುತ್ತಾಳೆ. ಕಳೆದ ಯುಗಾದಿಗೆ ಬೇವು ಬೆಲ್ಲ ಕೊಡಲು ಬಂದಾಗ ಕೈಯಲ್ಲಿ ಹೊಸ ಫೋನಿತ್ತು. "ಬಂತಲ್ಲವ್ವಾ ನಿನ್ನ ಕೈಗೂ, ಇನ್ನ ನಮ್ಮ ಟೀವಿ ಯಾಕ ಬೇಕು ನಿನಗ?" ಎಂದೆ. ಅವಳು ನಕ್ಕಳು.

"ಹಂಗಲ್ರೀ ಅಕ್ಕೋರ. ನಿಮ್ಮ ಮನಿಯಾಗ ನಾ ಏನು ನೋಡಿದ್ನಿ ಅಂತ ಯಾರೂ ಕೇಳ್ತಿದ್ದಿಲ್ಲ. ಇದರಾಗ ನೋಡಿದ್ದೆಲ್ಲಾ ಉಳಿತೈತಿ. ದಿನಾ ರಾತ್ರಿ ಅಣ್ಣ ತಗೊಂಡು ತಿರುವಿ ತಿರುವಿ ನೋಡ್ತಾನ. ಲಾಕು ಅವನಿಗೆ ಗೊತ್ತೈತಿ."

ಮಾಸ್ತರರ ಜನಿವಾರದಲ್ಲಿದ್ದದ್ದು, ಮಾವನವರ ಲೋಡಿನ ಕೆಳಗಿದ್ದದ್ದು ಈಗ ಅಲ್ಲಿ ಸೇರಿಕೊಂಡಿದೆ. ನಾನು ಏನೂ ಹೇಳಲಿಲ್ಲ. ಆದರೆ ಮರುದಿನ ಕೇಬಲ್ಲಿನ ಹುಡುಗ ಬಂದು, "ಮನಿಯಾಗ ಇಬ್ರೇ ಇರ್ತೀರಿ, ಎಲ್ಲಾ ಫೋನಿನ್ಯಾಗ ಬರ್ತದ, ಕನೆಕ್ಷನ್ ತೆಗೀಲೇನ್ರೀ?" ಎಂದು ಕೇಳಿದಾಗ ಬೇಡ ಎಂದೆ. ಸಂಜೆ ಅವಳು ಬಸ್ಸಿಳಿದು ಬರುವ ಹೊತ್ತಿಗೆ ಟೀವಿ ಹಚ್ಚಿರುತ್ತೇನೆ. ರಿಮೋಟು ಚಾಪೆಯ ಮೇಲೆ ಇರುತ್ತದೆ. ಏನು ನೋಡುತ್ತಾಳೋ ನೋಡಲಿ, ನಾನು ಅಕ್ಕಿ ಆರಿಸುತ್ತಿರುತ್ತೇನೆ.