ವಾತಾಪಿ-ಕಾಂಚಿಗಳ ಎರಡು ವಿಜಯಶಾಸನಗಳು

ಶತ್ರುರಾಜ್ಯದ ಒಳನಾಡನ್ನು ಹೊಕ್ಕು ಬೀಡುಬಿಟ್ಟ ಯೋಧರ ಸಾಹಸವು ಎಲ್ಲ ಕಾಲದ ಕಥೆಗಾರರಿಗೂ ಪ್ರಿಯವಾದ ವಸ್ತು. ಬಾದಾಮಿಯ ಚಾಲುಕ್ಯರಿಗೂ ಕಾಂಚಿಯ ಪಲ್ಲವರಿಗೂ ನಡೆದ ವೈರವನ್ನು ಆಧರಿಸಿ 1944ರಿಂದ ಧಾರಾವಾಹಿಯಾಗಿ ಪ್ರಕಟವಾದ ಕಲ್ಕಿಯವರ ‘ಶಿವಗಾಮಿಯ ಶಪಥ’ ಎಂಬ ತಮಿಳು ಕಾದಂಬರಿಯಲ್ಲಿ ಗೂಢಚಾರರಿಗೂ ವೇಷಧಾರಿಗಳಿಗೂ ಕೊರತೆಯಿಲ್ಲ. ಕನ್ನಡದಲ್ಲಿಯೂ 1967ರಲ್ಲಿ ‘ಇಮ್ಮಡಿ ಪುಲಿಕೇಶಿ’ ಎಂಬ ಚಲಚ್ಚಿತ್ರವು ತೆರೆಗೆ ಬಂದಿತು. ಕಥೆಗೆ ಕಲ್ಪನೆಯು ಭೂಷಣವೇ ಸರಿ. ಆದರೆ ಈ ವೈರದ ವಿಷಯದಲ್ಲಿ ಕಲ್ಪನೆಗಿಂತ ಗಟ್ಟಿಯಾದ ಆಧಾರವೂ ಉಂಟು. ಪರಸ್ಪರರ ರಾಜಧಾನಿಗಳನ್ನು ಹೊಕ್ಕ ಎರಡು ಸೈನ್ಯಗಳೂ ವೈರಿಯ ನೆಲದಲ್ಲಿಯೇ ಅಕ್ಷರಗಳನ್ನು ಕೆತ್ತಿಸಿ ಹೋಗಿವೆ. ಅವೆರಡನ್ನೂ ಒಟ್ಟಿಗಿಟ್ಟು ಪರಿಶೀಲಿಸಿದರೆ ಪರನಗರದಲ್ಲಿ ನಿಂತ ವಿಜಯಿಯ ಧರ್ಮವೇನೆಂಬ ಪ್ರಶ್ನೆಗೆ ಒಂದು ಉತ್ತರವು ದೊರೆಯುವುದು.

ವೈರದ ಮೊದಲ ಘಟ್ಟವು ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಜಿನಾಲಯದ ಗೋಡೆಯ ಮೇಲೆ ಉಕ್ತವಾಗಿದೆ. ಶಕ 556, ಎಂದರೆ ಕ್ರಿ.ಶ. 634ರ ಈ ಪ್ರಶಸ್ತಿಯಲ್ಲಿ ಕವಿ ರವಿಕೀರ್ತಿಯು ತನ್ನ ಪ್ರಭುವಾದ ಇಮ್ಮಡಿ ಪುಲಿಕೇಶಿಯು ಪಲ್ಲವಪತಿಯನ್ನು ಕಾಂಚೀಪ್ರಾಕಾರದ ಮರೆಗೆ ಅಟ್ಟಿದನೆಂದೂ ಕಾವೇರಿಯನ್ನು ದಾಟಿದನೆಂದೂ ವರ್ಣಿಸಿದ್ದಾನೆ. ಈ ಅಕ್ಷರಗಳ ಹೊಸತನವು ಮಾಸುವ ಮುನ್ನವೇ ಕಾಲಚಕ್ರವು ತಿರುಗಿತು. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನ ಸೈನ್ಯವು ಬಾದಾಮಿಯನ್ನು ಹಿಡಿಯಿತು. ಅವನ 13ನೆಯ ಆಳ್ವಿಕೆಯ ವರ್ಷದ ಸಂಸ್ಕೃತ ಶಾಸನವು ಪಲ್ಲವಗ್ರಂಥ ಲಿಪಿಯಲ್ಲಿ ಅಲ್ಲಿಯ ಬಂಡೆಯೊಂದರ ಮೇಲೆ ಇಂದಿಗೂ ಭಗ್ನರೂಪದಲ್ಲಿದೆ. ಸೋತ ರಾಜಧಾನಿಯ ಬಂಡೆಯ ಮೇಲೆ ಗೆದ್ದವನು ತನ್ನ ಹೆಸರನ್ನು ಬರೆಯಿಸಿದುದೇ ಅದರ ಮುಖ್ಯಾರ್ಥ.

ಪಲ್ಲವರ ತಾಮ್ರಪಟಗಳು ಇದನ್ನೇ ಅಲಂಕಾರಗಳಿಂದ ವಿಸ್ತರಿಸುತ್ತವೆ. ಓಡುತ್ತಿದ್ದ ಪುಲಿಕೇಶಿಯ ಬೆನ್ನನ್ನೇ ಪಟವಾಗಿ ಮಾಡಿಕೊಂಡು ನರಸಿಂಹನು ‘ವಿಜಯ’ವೆಂಬ ಅಕ್ಷರಗಳನ್ನು ಬರೆದನೆಂದು ಕೂರಂ ಶಾಸನವು ಹೇಳುವುದು. ವಾತಾಪಿಯ ನಡುವೆ ನಿಂತಿದ್ದ ಜಯಸ್ತಂಭವನ್ನು ಅವನು ಕೈವಶಮಾಡಿಕೊಂಡನೆಂದು ವೇಲೂರ್ಪಾಳೆಯಂ ಶಾಸನವು ತಿಳಿಸುವುದು. ಉದಯೇಂದಿರಂ ಶಾಸನವು ಅವನನ್ನು ವಾತಾಪಿಯೆಂಬ ಅಸುರನನ್ನು ಜೀರ್ಣಿಸಿಕೊಂಡ ಅಗಸ್ತ್ಯನಿಗೆ ಹೋಲಿಸುವುದು. ಅಗಸ್ತ್ಯತೀರ್ಥವೆಂಬ ಕೆರೆಯ ದಡದಲ್ಲಿರುವ ಊರಿಗೆ ಈ ಶ್ಲೇಷವು ಎಷ್ಟು ಮರ್ಮಭೇದಿಯಾದುದೆಂಬುದು ಸಹೃದಯರಿಗೆ ವೇದ್ಯ.

655ರ ಹೊತ್ತಿಗೆ ಪುಲಿಕೇಶಿಯ ಮಗನಾದ ಮೊದಲನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದನು. 674ರ ಗದ್ವಾಲ್ ಶಾಸನವನ್ನು ಹೊರಡಿಸುವಾಗ ಅವನು ಚೋಳನಾಡಿನಲ್ಲಿ, ಕಾವೇರಿಯ ದಕ್ಷಿಣ ತೀರದ ಉರಗಪುರದಲ್ಲಿ ಪಾಳೆಯ ಹೂಡಿದ್ದನು. ಕಾಂಚಿಯನ್ನು ಗೆದ್ದುದಾಗಿ ಅದರಲ್ಲಿ ಹೇಳಿದೆ. ಕೂರಂ ಶಾಸನವಾದರೋ, ಲಕ್ಷಗಟ್ಟಲೆ ಸೈನ್ಯವಿದ್ದ ಆ ವಿಕ್ರಮಾದಿತ್ಯನನ್ನೇ ಪಲ್ಲವ ಪರಮೇಶ್ವರವರ್ಮನು ಹರಕುಬಟ್ಟೆಯಲ್ಲಿ ಓಡಿಸಿದನೆಂದು ಸಾರುವುದು. ಒಬ್ಬನ ಶಾಸನದಲ್ಲಿ ಗೆಲವಾದುದು ಇನ್ನೊಬ್ಬನ ಶಾಸನದಲ್ಲಿ ಪಲಾಯನ. ಆದುದರಿಂದ ವಿಜಯಪ್ರಶಸ್ತಿಯೊಂದನ್ನೇ ನಂಬಿ ಇತಿಹಾಸವನ್ನು ಬರೆಯುವುದು ಸಾಧುವಲ್ಲ. ಪ್ರಶಸ್ತಿಯು ಯಾರಿಗಾಗಿ, ಎಲ್ಲಿ, ಯಾವ ಭಾಷೆಯಲ್ಲಿ ಬರೆಯಲ್ಪಟ್ಟಿತೆಂಬುದನ್ನೂ ವಿಚಾರಿಸಬೇಕು.

ಈ ದೃಷ್ಟಿಯಿಂದ ಇಮ್ಮಡಿ ವಿಕ್ರಮಾದಿತ್ಯನ ಕಾಂಚೀ ಶಾಸನವು ಅಸಾಧಾರಣವಾದುದು. ಸುಮಾರು 733ರಿಂದ 745ರವರೆಗೆ ಆಳಿದ ಈ ಅರಸನು ಕಾಂಚಿಯನ್ನು ಹೊಕ್ಕು, ಇಂದು ಕೈಲಾಸನಾಥವೆನಿಸಿರುವ ರಾಜಸಿಂಹೇಶ್ವರ ದೇವಾಲಯದ ಕಂಬವೊಂದರಲ್ಲಿ ಶಾಸನವನ್ನು ಕೆತ್ತಿಸಿದನು. ದೇವಾಲಯದ ಸಂಪತ್ತನ್ನು ಕಂಡು ಅದನ್ನು ತಾನು ಕೊಳ್ಳದೆ ದೇವರಿಗೇ ಬಿಟ್ಟುಕೊಟ್ಟನೆಂಬುದು ಅದರ ತಾತ್ಪರ್ಯ. ಅವನ ಮಗನಾದ ಇಮ್ಮಡಿ ಕೀರ್ತಿವರ್ಮನ 750ರ ಕೆಂದೂರು ಶಾಸನವೂ ಇದನ್ನು ಸಮರ್ಥಿಸುವುದು. ಕಟುಮುಖ, ಸಮುದ್ರಘೋಷಗಳೆಂಬ ವಾದ್ಯಗಳು, ಖಟ್ವಾಂಗಧ್ವಜ, ಆನೆಗಳು, ಮಾಣಿಕ್ಯರಾಶಿ ಇವು ಪಲ್ಲವರಾಜನಿಂದ ವಶವಾದುವು. ನಗರವನ್ನಾದರೋ ಕೆಡಿಸಲಿಲ್ಲ, ಅಲ್ಲಿಯ ದ್ವಿಜರನ್ನೂ ದೀನರನ್ನೂ ದಾನದಿಂದ ತಣಿಸಿ ದೇವರ ಹೊನ್ನನ್ನು ದೇವರಿಗೇ ಒಪ್ಪಿಸಲಾಯಿತು. ಅರಸನಿಂದ ಕಸಿದುದು ಬೇರೆ, ದೇವರಿಗೆ ಬಿಟ್ಟುದು ಬೇರೆ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ.

ಇನ್ನು ಭಾಷೆಯ ವಿಚಾರ. ತಮಿಳು ನಾಡಿನ ನಡುವಿನ ಈ ಶಾಸನವು ಕನ್ನಡದಲ್ಲಿದೆ. ಕಾಂಚಿಯ ಜನಕ್ಕೆ ಮಾತ್ರ ತನ್ನ ಔದಾರ್ಯವನ್ನು ಸಾರುವುದು ಅರಸನ ಉದ್ದೇಶವಾಗಿದ್ದರೆ ತಮಿಳೋ ಸಂಸ್ಕೃತವೋ ಸಾಕಾಗಿತ್ತು. ಕನ್ನಡದಲ್ಲಿ ಬರೆಯಿಸಿದುದರಿಂದ ಓದತಕ್ಕವರು ಮುಖ್ಯವಾಗಿ ಆ ಬೀಡಿನ ಕನ್ನಡಿಗರೇ ಎಂದು ಊಹಿಸುವುದು ಯುಕ್ತ. ಹಾಗಾದರೆ ಇದು ಪ್ರಶಸ್ತಿಯಷ್ಟೇ ಆಗಿರದೆ, ಈ ಭಂಡಾರಕ್ಕೆ ಕೈಯಿಡಬಾರದೆಂದು ತನ್ನ ಸೈನಿಕರಿಗೇ ವಿಧಿಸಿದ ಕಟ್ಟಳೆಯೂ ಆಗುವುದು.

ಕೊನೆಯ ಶಾಪವಾಕ್ಯವು ಈ ಊಹೆಯನ್ನು ಬಲಪಡಿಸುವುದು. ಈ ಅಕ್ಷರಗಳನ್ನೂ ಅರಸನ ಧರ್ಮವನ್ನೂ ಅಳಿಸಿದವರು ಆ ಊರ ಘಟಿಕೆಯ ಮಹಾಜನರನ್ನು ಕೊಂದವರ ಲೋಕವನ್ನು ಸೇರುವರೆಂದು ಅದರ ಅಭಿಪ್ರಾಯ. ಕಾಶಿಯ ಬ್ರಹ್ಮಹತ್ಯೆಯನ್ನೋ ಕವಿಲೆಯ ವಧೆಯನ್ನೋ ಹೇಳುವ ರೂಢಿಯ ಶಾಪಗಳು ಶಾಸನಗಳಲ್ಲಿ ವಿಪುಲವಾಗಿವೆ. ಇಲ್ಲಿಯಾದರೋ ವೈರಿಯ ನಗರದ ವಿದ್ವತ್ಸಭೆಯೇ ಪಾಪಪುಣ್ಯಗಳ ಅಳತೆಗೋಲಾಗಿದೆ. ಕದಂಬ ಮಯೂರಶರ್ಮನು ತನ್ನ ಗುರುವಿನೊಡನೆ ವಿದ್ಯಾರ್ಥಿಯಾಗಿ ಹೋದುದು ಇದೇ ಕಾಂಚಿಯ ಘಟಿಕೆಗೆಂದು ತಾಳಗುಂದದ ಶಾಸನವು ತಿಳಿಸುವುದನ್ನು ನೆನೆದರೆ, ಕನ್ನಡಿಗರಿಗೆ ಆ ಹೆಸರು ಅಪರಿಚಿತವಾಗಿರಲಿಲ್ಲವೆಂಬುದು ತಿಳಿಯುವುದು.

ಈ ದಂಡಯಾತ್ರೆಯ ಫಲವು ಬಾದಾಮಿಯ ಸಮೀಪದ ಪಟ್ಟದಕಲ್ಲಿನಲ್ಲಿ ಕಣ್ಣಿಗೆ ಕಾಣುವುದು. ಅರಸನು ಮೂರು ಬಾರಿ ಕಾಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಇಂದಿನ ವಿರೂಪಾಕ್ಷ ದೇವಾಲಯ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡನಿಗೆ ದೊರೆತ ಮರ್ಯಾದೆಯನ್ನು ಅಲ್ಲಿಯ ಕನ್ನಡ ಶಾಸನವು ದಾಖಲಿಸಿದೆ. ಕಾಂಚಿಯ ಕೈಲಾಸನಾಥಕ್ಕೂ ಈ ಗುಡಿಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹುಕಾಲದಿಂದ ಗುರುತಿಸಿದ್ದಾರೆ. ಉಳಿಸಿ ಬಂದ ಗುಡಿಯೇ ಮಾದರಿಯಾಯಿತು.

ವಿಕ್ರಮಾದಿತ್ಯನು ಹಿಂದಿರುಗಿದ ಮೇಲೆ ಕಾಂಚಿಯು ಮತ್ತೆ ಪಲ್ಲವರದಾಯಿತು. ಆ ಕಂಬವನ್ನು ಕೆತ್ತಿ ನುಣುಪುಮಾಡಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ವೈರಿಯ ಕನ್ನಡ ಅಕ್ಷರಗಳು ಉಳಿದುವು. ಬಾದಾಮಿಯಲ್ಲಿ ನರಸಿಂಹನ ಬರಹವೂ ಪೂರ್ತಿಯಾಗಿ ನಾಶವಾಗಲಿಲ್ಲ. ರಾಜ್ಯಗಳೆರಡೂ ಅಳಿದಿವೆ, ಗೆದ್ದೆನೆಂಬ ಮಾತು ಬಾದಾಮಿಯ ಬಂಡೆಯ ಮೇಲೂ, ಗೆದ್ದರೂ ಮುಟ್ಟಲಿಲ್ಲವೆಂಬ ಮಾತು ಕಾಂಚಿಯ ಕಂಬದ ಮೇಲೂ ನಿಂತಿವೆ.