ದೂಧ್‌ಸಾಗರಕ್ಕೆ ಹೊರಡುವ ಮುನ್ನ



ಮೃಗಶಿರ ಮಳೆ ಶುರುವಾಯಿತೆಂದರೆ ನಮ್ಮ ಸ್ಟುಡಿಯೋದ ಫೋನಿಗೆ ಬರುವುದು ಒಂದೇ ಪ್ರಶ್ನೆ. ಹಾಡಿನ ಕೋರಿಕೆ ಆಮೇಲೆ, ಮೊದಲು ಇದು: "ಅಕ್ಕಾರ, ನಾವು ದೂಧ್‌ಸಾಗರಕ್ಕ ಹೋಗಬೇಕಂತ ಮಾಡೇವ್ರಿ, ಹ್ಯಾಂಗ ಹೋಗೂದು?" ಹಿಂಜವಡಿಯ ಸಾಫ್ಟ್‌ವೇರ್ ಹುಡುಗರು, ಚಿಂಚವಾಡದ ಕಾರ್ಖಾನೆಗಳ ಅಣ್ಣಂದಿರು, ಮಕ್ಕಳ ಶಾಲೆ ಶುರುವಾದ ಮೇಲೂ ಒಂದು ಶನಿವಾರ-ಭಾನುವಾರ ಹೊಂದಿಸಿಕೊಳ್ಳುವ ಕೋಥ್ರೂಡಿನ ಅಕ್ಕಂದಿರು, ಎಲ್ಲರದೂ ಅದೇ ಆಸೆ. ಸಿಂಹಗಡ ಹತ್ತಿ ಇಳಿದು ಸಾಕಾಗಿದೆ. ರಾಜಗಡ, ತೋರಣಾ ಕೂಡ ಮುಗಿದಿವೆ. ಥಾಯ್ಲೆಂಡ್, ಬಾಲಿಗಳ ಪ್ಯಾಕೇಜ್ ಟೂರ್ ಜಾಹೀರಾತು ನೋಡಲು ಚೆಂದ, ರೇಟು ನೋಡಿದರೆ ಮುಚ್ಚಿಡಬೇಕು ಅನ್ನಿಸುತ್ತದೆ! ಉಷ್ಣವಲಯದ ದಟ್ಟ ಕಾಡು, ಸುರಂಗ, ಜಲಪಾತ, ಉಂಬಳ ಎಲ್ಲವೂ ನಮ್ಮ ಪುಣೆ ಸ್ಟೇಷನ್ನಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಸಿಗುವಾಗ ಪಾಸ್‌ಪೋರ್ಟ್ ಯಾಕೆ ಬೇಕು?

ಹಾಗಾಗಿ ಈ ಸಂಚಿಕೆಯಲ್ಲಿ ಪ್ರವಾಸದ ತಯಾರಿ. ಆದರೆ ನಾನು ಕನ್ನಡ ಬಿ.ಎ. ಓದಿದವಳು, ಟೂರ್ ಏಜೆಂಟ್ ಅಲ್ಲ. ಬ್ಯಾಗಿಗೆ ಏನು ಹಾಕಬೇಕು ಅನ್ನುವುದಕ್ಕಿಂತ ಹೆಚ್ಚಾಗಿ, ಆ ದಾರಿಯಲ್ಲಿ ನಿಮಗಿಂತ ಮೊದಲು ಯಾರು ಯಾರು ಹೋಗಿದ್ದರು ಅನ್ನುವುದನ್ನು ಹೇಳುತ್ತೇನೆ. ಅದಕ್ಕೊಂದು ಸ್ವಂತ ಕಾರಣವೂ ಇದೆ, ಆಮೇಲೆ ಬರುತ್ತೇನೆ.

ಮೊದಲು ಬ್ಯಾಗಿನ ವಿಷಯ ಮುಗಿಸೋಣ. ಮಳೆಗಾಲದಲ್ಲಿ ಹೋಗುವವರು ಒಂದು ಬಟ್ಟೆಯಲ್ಲಿ ಪುಡಿ ಉಪ್ಪು ಕಟ್ಟಿಕೊಳ್ಳಿ. ಉಂಬಳ ಕಾಲಿಗೆ ಹತ್ತಿದರೆ ಕಿತ್ತೆಳೆಯಬೇಡಿ, ಉಪ್ಪು ತಾಗಿಸಿ, ತಾನೇ ಬಿದ್ದುಹೋಗುತ್ತದೆ. ಉಪ್ಪು ಅಂದಾಗ ನೆನಪಾಯಿತು. ಆ ಘಟ್ಟದಲ್ಲಿ ರೈಲು ಬಂದ ಕಥೆಯಲ್ಲೂ ಉಪ್ಪಿದೆ.

1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಗೋವಾದ ಮುರಗಾಂವ್ ಬಂದರಿನಿಂದ ಘಟ್ಟದ ಮೇಲಿನ ಬ್ರಿಟಿಷ್ ಗಡಿಯವರೆಗೆ ರೈಲು ಹಾಕುವುದು, ಅಲ್ಲಿಂದ ಮುಂದೆ ನಮ್ಮ ಕಡೆಯ ರೈಲಿಗೆ ಜೋಡಿಸುವುದು. ಧಾರವಾಡ ಸೀಮೆಯ ಹತ್ತಿ ಸಮುದ್ರಕ್ಕೆ ಇಳಿಯಲು ಹತ್ತಿರದ ದಾರಿ ಅದು. ಪ್ರತಿಯಾಗಿ ಬ್ರಿಟಿಷರು ಕೇಳಿದ್ದು ಗೋವಾದ ಉಪ್ಪಿನ ಮೇಲೆ ಹಿಡಿತ. ನಮ್ಮಲ್ಲಿ ಉಪ್ಪಿಗೆ ತೆರಿಗೆ ಹಾಕಿ ಹಣ ಮಾಡುತ್ತಿದ್ದವರಿಗೆ ಗಡಿಯಾಚೆಯ ಅಗ್ಗದ ಉಪ್ಪು ಒಳಗೆ ಬರುವುದು ಹೇಗೆ ತಾನೆ ಇಷ್ಟವಾದೀತು? ವರ್ಷಕ್ಕೆ 4 ಲಕ್ಷ ರೂಪಾಯಿ ಪರಿಹಾರ ಕೊಟ್ಟು ಗೋವಾದ ಉಪ್ಪಿನ ಉತ್ಪಾದನೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಉಪ್ಪಿನ ಆಗರಗಳನ್ನೇ ನಂಬಿದ್ದ ಕುಟುಂಬಗಳಿಗೆ ಬಿದ್ದ ಪೆಟ್ಟಿಗೆ ಆ 4 ಲಕ್ಷದಲ್ಲಿ ಮದ್ದಿರಲಿಲ್ಲ. 1892ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ನವೀಕರಣ ಆಗಲಿಲ್ಲ. ರೈಲು ಮಾತ್ರ ಉಳಿಯಿತು.

ರೈಲು ಹಾಕಿದ್ದು ಲಂಡನ್ನಿನಲ್ಲಿ ಹುಟ್ಟಿದ ಒಂದು ಕಂಪನಿ. ಸಮುದ್ರದ ಕಡೆಯ ಭಾಗ 1887ರಲ್ಲಿ, ಘಟ್ಟದ ಭಾಗ 1888ರಲ್ಲಿ ಸಿದ್ಧವಾಯಿತು. ಒಟ್ಟು 82 ಕಿಲೋಮೀಟರ್. ಪೋರ್ಚುಗಲ್ಲಿನ ರಾಜಮನೆತನದ ಹೆಸರಿನಲ್ಲಿ ಆ ಘಟ್ಟಕ್ಕೆ ಬ್ರಗಾಂಜಾ ಎಂದು ಹೆಸರಾಯಿತು. 37 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ಏರು ಅದು. ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ, ರೈಲಿಗೆ ಅದೇ ಪರ್ವತ. ಕುಳೆಂ ಸ್ಟೇಷನ್ನಿನಲ್ಲಿ ರೈಲಿಗೆ ಹೆಚ್ಚಿನ ಎಂಜಿನ್‌ಗಳನ್ನು ಸೇರಿಸಿ ಮೇಲಕ್ಕೆ ತಳ್ಳಿಸುವುದನ್ನು ಅಲ್ಲಿ ಪಯಣಿಸಿದವರು ನೋಡಿಯೇ ಇರುತ್ತೀರಿ. ಬಂಡೆ ಕೊರೆದು ಸುರಂಗ ಮಾಡಿದ ಕೂಲಿಗಳ ಹೆಸರಿನಲ್ಲಿ ಮಾತ್ರ ಅಲ್ಲಿ ಯಾವ ಘಟ್ಟವೂ ಇಲ್ಲ.

ನಮ್ಮ ಪುಣೆಯ ಕಡೆಯಿಂದ ಮಿರಜ್, ಬೆಳಗಾವಿ, ಲೋಂಡಾ ದಾರಿಯನ್ನು ಸದರ್ನ್ ಮರಾಠಾ ರೈಲ್ವೆಯವರು 1890ರ ಹೊತ್ತಿಗೆ ಪೂರ್ತಿ ಮಾಡಿದರು. ಅಂದರೆ ಪುಣೆಯಿಂದ ಗೋವಾಕ್ಕೆ ರೈಲಿನಲ್ಲಿ ಹೋಗುವ ಯೋಗ ನಮ್ಮ ಅಜ್ಜನ ಅಜ್ಜಂದಿರಿಗೇ ಇತ್ತು. ಒಂದೇ ತೊಂದರೆ. ಕ್ಯಾಸಲ್‌ರಾಕ್‌ನಲ್ಲಿ ಗಡಿ. ಇತ್ತ ನಮ್ಮ ಉತ್ತರ ಕನ್ನಡ, ಅತ್ತ ಇನ್ನೊಂದು ದೇಶ! ಇಂದು ನೀವು ಚಹಾ ಕುಡಿಯಲು ಇಳಿಯುವ ಆ ಸಣ್ಣ ಸ್ಟೇಷನ್ನಿನಲ್ಲಿ ಅಂದು ಸುಂಕದವರು ಗಂಟು ಬಿಚ್ಚಿಸಿ ನೋಡುತ್ತಿದ್ದರು.

ಆ ಗಡಿ ದಾಟಿ ರಜೆ ಕಳೆಯಲು ಹೋದವರಲ್ಲಿ ಒಬ್ಬರ ಹೆಸರು ನಿಮಗೆಲ್ಲ ಗೊತ್ತು. ಡಾಕ್ಟರ್ ರಾಮಮನೋಹರ ಲೋಹಿಯಾ. 1946ರಲ್ಲಿ ಜೈಲಿನಿಂದ ಬಿಡುಗಡೆಯಾಗಿ, ದೇಹ ಹಣ್ಣಾಗಿತ್ತು ಎಂದು ಜೂನ್ ತಿಂಗಳಲ್ಲಿ ವಿಶ್ರಾಂತಿಗಾಗಿ ಗೋವಾದ ಅಸ್ಸೋಳ್ಣೆಯಲ್ಲಿದ್ದ ಗೆಳೆಯ ಡಾಕ್ಟರ್ ಜುಲಿಯಾಂವ್ ಮೆನೆಜಿಸರ ಮನೆಗೆ ಬಂದರು. ವಿಶ್ರಾಂತಿ ಎಲ್ಲಿಯದು! ಜನ ಬಂದು ಕಷ್ಟ ಹೇಳಿಕೊಂಡರು. ಅಲ್ಲಿ ಸಭೆ ಸೇರುವಂತಿಲ್ಲ, ಭಾಷಣ ಮಾಡುವಂತಿಲ್ಲ. ಜೂನ್ 18ರಂದು ಮಡಗಾಂವ್‌ನಲ್ಲಿ ನಿಷೇಧ ಮುರಿದು ಮಾತಿಗೆ ನಿಂತರು, ಬಂಧನವಾಯಿತು, ಗೋವಾದಿಂದ ಹೊರಗೆ ಕಳಿಸಿದರು. ಸೆಪ್ಟೆಂಬರ್ 29ಕ್ಕೆ ಮತ್ತೆ ಬಂದರು. ಈ ಸಲ ಪೋರ್ಚುಗೀಸ್ ಪೊಲೀಸರು ಅವರನ್ನು ಹಿಡಿದದ್ದು ಕುಳೆಂ ರೈಲು ನಿಲ್ದಾಣದಲ್ಲಿ. ಹೌದು, ಇಂದು ದೂಧ್‌ಸಾಗರದ ಜೀಪಿಗೆ ನಾವು ಕ್ಯೂ ನಿಲ್ಲುವ ಅದೇ ಕುಳೆಂ. ಅಲ್ಲಿಂದ ಅವರನ್ನು ಅಗ್ವಾದ ಕೋಟೆಯಲ್ಲಿ ಕೂಡಿಹಾಕಿದರು. ಐದು ವರ್ಷದ ಮೇಲೆ, 1951ರಲ್ಲಿ, ಇದೇ ಲೋಹಿಯಾ ನಮ್ಮ ಸಾಗರ ಸೀಮೆಯ ಕಾಗೋಡು ಸತ್ಯಾಗ್ರಹಕ್ಕೂ ಬಂದು ಬಂಧನಕ್ಕೊಳಗಾದರು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ.

ಪುಣೆಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಗೋವಾ ವಿಮೋಚನ ಸಹಾಯಕ ಸಮಿತಿ ಹುಟ್ಟಿದ್ದು ಇಲ್ಲೇ. 1955ರ ಮೇ 18ರಂದು ನಾನಾಸಾಹೇಬ್ ಗೋರೆ ಮತ್ತು ಸೇನಾಪತಿ ಬಾಪಟ್ ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಗಡಿ ದಾಟಿದರು. ಬಾಪಟರಿಗೆ ಆಗ ವಯಸ್ಸು 74. (ನಾವು ಸಿಂಹಗಡದ ಅರ್ಧದಲ್ಲಿ ಮಜ್ಜಿಗೆಗೆ ಕೂರುವವರು!) ನರಗುಂದದ ಜಗನ್ನಾಥರಾವ್ ಜೋಶಿಯವರೂ ಅದೇ ವರ್ಷ ತಂಡದೊಂದಿಗೆ ಹೋಗಿ ಗೋವಾದ ಸೆರೆ ಅನುಭವಿಸಿದರು. ಆಗಸ್ಟ್ 15ರಂದು ಸಾವಿರಾರು ಜನ ಬರಿಗೈಯಲ್ಲಿ ಹಲವು ಕಡೆಗಳಿಂದ ಗಡಿ ದಾಟಲು ಹೋದಾಗ ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭಾರತ ಗಡಿ ಮುಚ್ಚಿತು, ಘಟ್ಟದ ರೈಲು ನಿಂತಿತು. ಕ್ಯಾಸಲ್‌ರಾಕ್ ಹಳಿಯ ಕೊನೆಯ ಊರಾಯಿತು.

ಇನ್ನು ನನ್ನ ಸ್ವಂತ ಕಾರಣ ಹೇಳಬೇಕು.

2011ರ ಜುಲೈಯಲ್ಲಿ, ಧಾರವಾಡದಲ್ಲಿ ಬಿ.ಎ. ಓದುವಾಗ, ನಾವು ಏಳು ಜನ ಗೆಳತಿಯರು ಮನೆಯಲ್ಲಿ ಸುಳ್ಳು ಹೇಳಿ ಕ್ಯಾಸಲ್‌ರಾಕ್‌ನಲ್ಲಿ ಇಳಿದೆವು. ಹಳಿಯ ಮೇಲೆ ಹದಿನಾಲ್ಕು ಕಿಲೋಮೀಟರ್ ನಡೆದರೆ ದೂಧ್‌ಸಾಗರ, ಆಗ ಎಲ್ಲರೂ ಹಾಗೇ ಹೋಗುತ್ತಿದ್ದರು. ಒಂದು ಸುರಂಗದ ನಡುವೆ ಇದ್ದಾಗ ಹಳಿ ನಡುಗಿತು. ಕೆಳಗಿನಿಂದ ಗೂಡ್ಸ್ ಗಾಡಿ ಬರುತ್ತಿತ್ತು. ಗೋಡೆಯಲ್ಲಿ ಒಬ್ಬರು ನಿಲ್ಲುವಷ್ಟು ಒಂದು ಗೂಡು ಸಿಕ್ಕಿತು, ಅದರಲ್ಲಿ ಮೂವರು ತುರುಕಿಕೊಂಡೆವು. ಉಳಿದ ನಾಲ್ವರು ಎಲ್ಲಿದ್ದಾರೆ ಎಂದು ಗೊತ್ತಿಲ್ಲ. ಕತ್ತಲು, ಹೊಗೆ, ಕಿವಿ ಒಡೆಯುವ ಸದ್ದು, ಮುಖದಿಂದ ಒಂದು ಕೈ ದೂರದಲ್ಲಿ ಗಾಲಿಗಳು. ಗಾಡಿ ದಾಟಿದ ಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದೆ. ಏಳನೆಯ ಹೆಸರಿಗೆ "ಹೂಂ" ಅನ್ನುವವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ. ಜಲಪಾತ ಹೇಗಿತ್ತು ಎಂದು ಕೇಳಿದರೆ ನನಗೆ ಇಂದಿಗೂ ನೆನಪಿಲ್ಲ, ಆ "ಹೂಂ" ನೆನಪಿದೆ.

ಇದಾಗಿ ಹದಿನಾಲ್ಕು ವರ್ಷ. 2025ರ ಜನವರಿ, ಗಣರಾಜ್ಯೋತ್ಸವದ ಹಿಂದಿನ ರಾತ್ರಿ ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ಮರುದಿನದ ಕಾರ್ಯಕ್ರಮಕ್ಕೆ ಸ್ಕ್ರಿಪ್ಟ್ ಬರೆಯುತ್ತಿದ್ದವಳು ಒಂದು ಹೆಸರಿನ ಮುಂದೆ ನಿಂತುಬಿಟ್ಟೆ. ಲಿಬಿಯಾ ಲೋಬೊ ಸರ್ದೇಸಾಯಿ, ಗೋವಾ, ವಯಸ್ಸು 100. ಏನು ಮಾಡಿದವರು ಎಂದು ಓದಿದರೆ, ಕಾಡಿನಲ್ಲಿ ಕೂತು ಗುಪ್ತವಾಗಿ ರೇಡಿಯೋ ನಡೆಸಿದವರು! ಯಾವ ಕಾಡು? ಮೊದಲು ಸಾವಂತವಾಡಿ ಹತ್ತಿರದ ಅಂಬೋಲಿ. ಆಮೇಲೆ ಕ್ಯಾಸಲ್‌ರಾಕ್.

ಕೇಳುಗರೇ, ನಾನು ಹತ್ತು ವರ್ಷದಿಂದ ಮೈಕಿನ ಮುಂದೆ ಕೂತವಳು. ನನ್ನ ವೃತ್ತಿಯ ಇಂಥ ಹಿರಿಯಕ್ಕ ಒಬ್ಬರು ನಾನು ಉಂಬಳ ಕಚ್ಚಿಸಿಕೊಂಡು ಓಡಾಡಿದ ಕಾಡಿನಲ್ಲೇ ಕೂತು ಮಾತಾಡಿದ್ದರು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

1955ರ ನವೆಂಬರ್ 25ಕ್ಕೆ ಆ ಬಾನುಲಿ ಶುರುವಾಯಿತು. ಗಡಿ ಮುಚ್ಚಿತ್ತು, ಗೋವಾದ ಒಳಗೆ ಸೆನ್ಸಾರ್ ಒಪ್ಪಿದ್ದೇ ಸುದ್ದಿ. ಹೊರಗೆ ಏನಾಗುತ್ತಿದೆ ಎಂದು ಜನರಿಗೆ ತಿಳಿಸುವ ದಾರಿ ಗಾಳಿಯೊಂದೇ. ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಅದರ ಮುಖ್ಯ ದನಿಗಳು. 1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಬಿಡುಗಡೆಯಾದಾಗ ಪೋರ್ಚುಗೀಸರಿಂದ ಸಿಕ್ಕಿದ್ದ ವೈರ್‌ಲೆಸ್ ಯಂತ್ರವೇ ಇವರ ಟ್ರಾನ್ಸ್‌ಮಿಟರ್ ಆಯಿತು. ಅಂದರೆ ಅವರ ಯಂತ್ರದಿಂದಲೇ ಅವರಿಗೆ ಉತ್ತರ! ಪೋರ್ಚುಗೀಸ್ ಭಾಷೆಯಲ್ಲಿ 'ವೋಜ್ ದ ಲಿಬರ್ದಾದ್', ಕೊಂಕಣಿಯಲ್ಲಿ 'ಗೊಂಯ್ಚೆ ಸೊಡ್ವಣೆಚೊ ಆವಾಜ್'. ಸ್ವಾತಂತ್ರ್ಯದ ದನಿ, ಗೋವಾ ಬಿಡುಗಡೆಯ ದನಿ. ಆಳುವವರಿಗೆ ಅವರ ಭಾಷೆಯಲ್ಲಿ, ಮನೆಯವರಿಗೆ ಮನೆಯ ಮಾತಿನಲ್ಲಿ.

1961ರ ಡಿಸೆಂಬರಿನವರೆಗೆ ಆರು ವರ್ಷ ನಡೆಸಿದರು. ಒಂದು ಕ್ಷಣ ಯೋಚಿಸಿ. ನಮ್ಮ ಎ.ಸಿ. ಸ್ಟುಡಿಯೋದಲ್ಲಿ ಕರೆಂಟು ಒಂದು ನಿಮಿಷ ಹೋದರೆ ನಾವು ಗಡಗಡ ಆಗುತ್ತೇವೆ. ಕೇಳುಗರ ಫೋನ್ ಬಾರದಿದ್ದರೆ ಮುಖ ಸಪ್ಪೆ. ಅವರಿಗೆ ಫೋನೂ ಇಲ್ಲ, ಪತ್ರವೂ ಬರುವಂತಿಲ್ಲ, ಎಲ್ಲಿದ್ದೇವೆ ಎಂದು ಹೇಳುವಂತೆಯೂ ಇಲ್ಲ. ಘಟ್ಟದ ಮಳೆಯ ಆರು ಜೂನ್‌ಗಳು, ಆರು ಜುಲೈಗಳು. ನಾವು ಸಾಹಸ ಎಂದು ದುಡ್ಡು ಕೊಟ್ಟು ಎರಡು ದಿನಕ್ಕೆ ಹುಡುಕಿಕೊಂಡು ಹೋಗುವುದೆಲ್ಲ ಅವರಿಗೆ ದಿನದ ಬದುಕು. ಕೇಳುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲದ ಕೇಳುಗರಿಗಾಗಿ ದಿನವೂ ಸುದ್ದಿ ಓದುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕು ಎಂದು ನನ್ನ ವೃತ್ತಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ಅಂದು ಇಬ್ಬರೂ ವಾಯುಪಡೆಯ ವಿಮಾನ ಹತ್ತಿ, ಧ್ವನಿವರ್ಧಕ ಕಟ್ಟಿಕೊಂಡು, ಗೋವಾದ ಮೇಲೆ ಹಾರುತ್ತ 451 ವರ್ಷದ ಆಳ್ವಿಕೆ ಮುಗಿದ ಸುದ್ದಿಯನ್ನು ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ ಸಾರಿದರು, ಕರಪತ್ರ ಎಸೆದರು. ಕಾಡಿನಲ್ಲಿ ಅಡಗಿದ್ದ ದನಿ ಆಕಾಶದಿಂದ ಬಂತು. ಆಮೇಲೆ ಇಬ್ಬರೂ ಮದುವೆಯಾದರು. ವಾಮನ ಸರ್ದೇಸಾಯಿ 1992ರಲ್ಲಿ ಪದ್ಮಶ್ರೀ ಪಡೆದರು, ಲಿಬಿಯಾ ಅವರಿಗೆ ಅದು ಬಂದದ್ದು 33 ವರ್ಷ ತಡವಾಗಿ. ಏಕೆಂದು ನೀವೇ ಊಹಿಸಿಕೊಳ್ಳಿ. ಅಂದ ಹಾಗೆ, ಬಿಡುಗಡೆಯ ನಂತರ ಗೋವಾದ ಪ್ರವಾಸೋದ್ಯಮ ಇಲಾಖೆಗೆ ಮೊದಲ ನಿರ್ದೇಶಕರಾದವರು ಯಾರು ಗೊತ್ತೇ? ಇದೇ ಲಿಬಿಯಾ! ನಿಮ್ಮ ರಜೆಯ ಯೋಜನೆಗೆ ಇವರಿಗಿಂತ ಹತ್ತಿರದ ನೆಂಟರು ಇನ್ಯಾರಿದ್ದಾರೆ?

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಹಳಿಯ ಮೇಲೆ ನಡೆಯಬೇಡಿ. ರೈಲ್ವೆ ಕಾಯ್ದೆಯ 147ನೆಯ ಕಲಮಿನಲ್ಲಿ ಅದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. 2013ರಲ್ಲಿ 'ಚೆನ್ನೈ ಎಕ್ಸ್‌ಪ್ರೆಸ್' ಸಿನಿಮಾದಲ್ಲಿ ರೈಲು ಜಲಪಾತದ ಮುಂದೆ ನಿಂತದ್ದನ್ನು ನೋಡಿದ ಮೇಲಂತೂ ಜನ ಮುಗಿಬಿದ್ದರು. 2023ರ ಜುಲೈಯಲ್ಲಿ ನೂರಾರು ಜನ ಹಳಿಗಿಳಿದಾಗ ರೈಲ್ವೆ ಪೊಲೀಸರು ತಡೆದು, ಕೆಲವರಿಂದ ಬಸ್ಕಿ ಹೊಡೆಸಿದ ವಿಡಿಯೋ ನೀವೂ ನೋಡಿರಬಹುದು. ಬಸ್ಕಿ ಬೇಕೋ ಬೇಡವೋ ಅದು ಬೇರೆ ಮಾತು, ಸುರಂಗದಲ್ಲಿ ಹೆಸರು ಹಿಡಿದು ಕೂಗುವ ಪ್ರಸಂಗ ಯಾರಿಗೂ ಬೇಡ.

ಗೋವಾ ಎಕ್ಸ್‌ಪ್ರೆಸ್ ಪುಣೆಯಿಂದ ಹೋಗುವಾಗ ಘಟ್ಟ ಇಳಿಯುವುದು ಕತ್ತಲಲ್ಲಿ, ಏನೂ ಕಾಣಿಸದು. ವಾಸ್ಕೋದಿಂದ ಮರಳುವಾಗ ಬೆಳಕಿರುತ್ತದೆ. ಆದ್ದರಿಂದ ಬರುವ ದಾರಿಯ ಟಿಕೆಟ್ ಮೊದಲು ಮಾಡಿಸಿ, ಹೊರಡುವ ಮುನ್ನ ವೇಳೆ ಒಮ್ಮೆ ನೋಡಿಕೊಳ್ಳಿ. 310 ಮೀಟರ್ ಎತ್ತರದಿಂದ ಇಳಿಯುವ ಮಾಂಡೋವಿ ಕಿಟಕಿಯಿಂದಲೇ ಕಾಣುತ್ತದೆ. ನಮ್ಮ ಖಾನಾಪುರ ಸೀಮೆಯಲ್ಲಿ ಹುಟ್ಟುವ ಮಹದಾಯಿಯೇ ಅದು. ಜಲಪಾತದ ಬುಡಕ್ಕೆ ಹೋಗಬೇಕೆಂದರೆ ಮಳೆ ನಿಂತ ಮೇಲೆ ಅರಣ್ಯ ಇಲಾಖೆಯ ಅನುಮತಿಯ ಜೀಪು ಕುಳೆಂನಿಂದ ಸಿಗುತ್ತದೆ, ಲೈಫ್ ಜಾಕೆಟ್ ಹಾಕಲೇಬೇಕು. ಘಟ್ಟದಲ್ಲಿ ಎರಡನೆಯ ಹಳಿ ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು ಎಂಬುದೂ ನೆನಪಿರಲಿ. ಅಷ್ಟು ನಾಜೂಕಾದ ಕಾಡು, ಚಿಪ್ಸ್ ಚೀಲ ಅಲ್ಲಿ ಬಿಡಬೇಡಿ.

ಮರಳುವಾಗ ಕ್ಯಾಸಲ್‌ರಾಕ್‌ನಲ್ಲಿ ತಳ್ಳುವ ಎಂಜಿನ್‌ಗಳನ್ನು ಕಳಚುತ್ತಾರೆ, ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಳಿದು ಚಹಾ ಕುಡಿಯಿರಿ.

ಕೊನೆಗೊಂದು ಕೋರಿಕೆ. ಖಾನಾಪುರ, ಲೋಂಡಾ, ಜೋಯಿಡಾ, ಕಾರವಾರ ಕಡೆಯವರು ನಮ್ಮ ಕೇಳುಗರಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಮನೆಯ ಹಿರಿಯರು ಯಾರಾದರೂ 1955ರಿಂದ 1961ರ ನಡುವೆ ಆ ಕಾಡಿನ ರೇಡಿಯೋವನ್ನು ಕೇಳಿದ್ದರೆ, ಎಲ್ಲಿ ಕೂತು ಕೇಳಿದರು, ಯಾರ ಮನೆಯ ಸೆಟ್ಟಿನಲ್ಲಿ, ಏನು ಕೇಳಿದ ನೆನಪಿದೆ ಎಂದು ನಮಗೆ ಬರೆದು ತಿಳಿಸಿ. ಬರೆಯಲು ಆಗದಿದ್ದರೆ ಕಾರ್ಯಕ್ರಮದ ಹೊತ್ತಿಗೆ ಅವರ ಕೈಗೆ ಫೋನ್ ಕೊಡಿ. ಹಾಡು ಒಂದು ಕಡಿಮೆಯಾದರೂ ಚಿಂತೆಯಿಲ್ಲ, ನಾನು ಕೇಳುತ್ತ ಕೂರುತ್ತೇನೆ.